ಸಂಜೆ ಬಸ್ಸು ಮತ್ತು ನನ್ನ ತಮಿಳು

ಮನುಷ್ಯನಿಗೆ ಒಂದು ರಾಜಕೀಯ ಪಕ್ಷ ಇರಬಾರದು. ಇದ್ದರೂ ಅದು ಗೆಲ್ಲಬಾರದು. ಇದು ನನ್ನ ಅನುಭವದ ಮಾತು. ನಮ್ಮ ಪಕ್ಷ ಸೋತಿದ್ದಷ್ಟು ಕಾಲ ನನ್ನಂಥ ನ್ಯಾಯವಂತ ಸುತ್ತಮುತ್ತ ಯಾರೂ ಇರಲಿಲ್ಲ. ಬೀದಿದೀಪ ಕೆಟ್ಟರೆ ಸರ್ಕಾರವನ್ನು ಬೈಯುತ್ತಿದ್ದೆ, ನಲ್ಲಿಯಲ್ಲಿ ನೀರು ಬಾರದಿದ್ದರೆ ಬೈಯುತ್ತಿದ್ದೆ, ಗಾಳಿಮಳೆಗೆ ರಾಗಿ ನೆಲಕಚ್ಚಿದರೂ ಮಂತ್ರಿಗಳನ್ನೇ ಹಿಡಿದು ಬೈಯುತ್ತಿದ್ದೆ. ಜವಳಗಿರಿಯಿಂದ, ತಮಿಳು ಸೀಮೆಗೆ ಸೇರಿದ ನಮ್ಮ ಗಡಿಯ ಕನ್ನಡದ ಊರಿಗೆ ಬರುವ ಸಂಜೆ ಬಸ್ಸು ಒಮ್ಮೆ ತಡವಾಯಿತೆಂದು ರಸ್ತೆಗೆ ಅಡ್ಡ ಮಲಗಿದವನೂ ನಾನೇ. ಪೊಲೀಸರು ಬಂದು ಎಬ್ಬಿಸುವ ಹೊತ್ತಿಗೆ ನನಗೆ ನಿಜವಾಗಿಯೂ ನಿದ್ದೆ ಹತ್ತಿತ್ತು ಎಂದು ನನ್ನ ಹೆಂಡತಿ ಹೇಳುವುದುಂಟು. ಆ ವಿಷಯ ಈಗ ಬೇಡ.

ಈಗ ನಮ್ಮ ಪಕ್ಷ ಗೆದ್ದಿದೆ. ಗೆದ್ದಾಗಿನಿಂದ ನನ್ನ ಬಾಯಿಗೆ ಏನೋ ಆಗಿದೆ. ದೀಪ ಕೆಟ್ಟರೆ ಬಲ್ಬು ಸರಿಯಿಲ್ಲ ಎನ್ನುತ್ತೇನೆ. ನೀರು ಬಾರದಿದ್ದರೆ, ಪಾಪ, ಸರ್ಕಾರ ತಾನೇ ಏನು ಮಾಡೀತು, ಅಂತರ್ಜಲ ಕೆಳಗೆ ಹೋಗಿದೆ ಎನ್ನುತ್ತೇನೆ. ಪಕ್ಷದ ಬಣ್ಣದ ಅಂಚಿರುವ ಪಂಚೆ ಉಟ್ಟು ಮೀಟಿಂಗಿಗೂ ಹೋಗುತ್ತೇನೆ. ಅಂಥದೊಂದು ಮೀಟಿಂಗಿನಲ್ಲಿ ನಮ್ಮ ಮುಖಂಡರೊಬ್ಬರು, ನಮಗೆ ಓಟು ಹಾಕದ ಊರುಗಳಿಗೆ ಬುದ್ಧಿ ಕಲಿಸಬೇಕು, ಅಲ್ಲಿನ ಸೌಕರ್ಯಗಳನ್ನು ನಮಗೆ ಓಟು ಹಾಕಿದ ಊರುಗಳಿಗೆ ತಿರುಗಿಸಬೇಕು ಎಂದು ಗುಡುಗಿದರು. ಎಲ್ಲರಿಗಿಂತ ಜೋರಾಗಿ ಚಪ್ಪಾಳೆ ತಟ್ಟಿದವನು ನಾನು. ಕೆಲವು ದಿನಗಳಲ್ಲಿ ನಮ್ಮೂರಿನ ಸಂಜೆ ಬಸ್ಸು ನಿಂತುಹೋಯಿತು. ಬುದ್ಧಿ ಕಲಿಯಬೇಕಾದ ಊರು ನಮ್ಮದೇ ಎಂದು ನನಗೆ ಆಮೇಲೆ ತಿಳಿಯಿತು. ರಸ್ತೆಗೆ ಅಡ್ಡ ಮಲಗೋಣವೆಂದರೆ ತಡೆಯಲು ಬಸ್ಸೇ ಇರಲಿಲ್ಲ. ಇದ್ದಿದ್ದರೂ ನಾನು ಮಲಗುತ್ತಿರಲಿಲ್ಲ ಎನ್ನುವುದು ಬೇರೆ ಮಾತು.

ಬಸ್ಸು ನಿಂತದ್ದು ಎಲ್ಲರಿಗಿಂತ ಹೆಚ್ಚು ತಟ್ಟಿದ್ದು ನಮ್ಮ ಪಕ್ಕದ ಮನೆಯ ಲಕ್ಷ್ಮಕ್ಕನಿಗೆ. ಆಕೆಯ ಮಗಳು ಸುಮ ಜವಳಗಿರಿಯಲ್ಲಿ ಪ್ಲಸ್ ಟೂ ಓದುತ್ತಿದ್ದಾಳೆ. ಸ್ಪೆಷಲ್ ಕ್ಲಾಸು ಮುಗಿಸಿಕೊಂಡು ಹೊರಟರೆ ಊರು ಸೇರುವಷ್ಟರಲ್ಲಿ ಕತ್ತಲು. ದಾರಿ ಕಾಡಿನ ಅಂಚಿನದು. ರಾಗಿ ಹಾಲುಗಾಳಾಗುವ ಕಾಲಕ್ಕೆ ಆನೆಗಳಿಗೂ ಅದೇ ದಾರಿ. ಬಸ್ಸು ಬಾರದಿದ್ದರೆ ಮಗಳ ಓದು ಬಿಡಿಸುವುದೇ ಸೈ ಎಂದು ಲಕ್ಷ್ಮಕ್ಕ ನಮ್ಮ ಹಿತ್ತಲಲ್ಲಿ ನಿಂತು ನನ್ನ ಹೆಂಡತಿಗೆ ಹೇಳುತ್ತಿದ್ದಳು. ನಾನು ಒಳಗೆ ಕೂತು ಪೇಪರು ಓದುತ್ತಿದ್ದೆ, ಅಂದರೆ ಪೇಪರನ್ನು ಮುಖಕ್ಕೆ ಹಿಡಿದುಕೊಂಡಿದ್ದೆ.

ಅಷ್ಟರಲ್ಲಿ ಜವಳಗಿರಿಯ ಹೊಸ ರೇಷನ್ ಅಂಗಡಿ ಉದ್ಘಾಟನೆಗೆ ಮಂತ್ರಿಗಳು ಬಂದರು. ದಕ್ಷಿಣದ ಜಿಲ್ಲೆಯವರು, ತಮಿಳು ಬಿಟ್ಟರೆ ಬೇರೆ ಬಾರದು. ಲಕ್ಷ್ಮಕ್ಕ ಕನಕಪುರದ ಕಡೆಯಿಂದ ಮದುವೆಯಾಗಿ ಬಂದವಳು. ಮನೆ, ಹೊಲ ಬಿಟ್ಟು ಎಲ್ಲಿಗೂ ಹೋಗದ ಆಕೆಗೆ ತಮಿಳು ಹತ್ತಲೇ ಇಲ್ಲ. ನನಗೆ ಕನ್ನಡ, ತಮಿಳು ಎರಡೂ ಬರುತ್ತವೆಂದು ಮುಖಂಡರು ನನ್ನನ್ನು ಮಂತ್ರಿಗಳ ಪಕ್ಕಕ್ಕೆ ನಿಲ್ಲಿಸಿದರು. ಎಂಥ ಗೌರವ! ಪಂಚೆಯ ಅಂಚು ಎಲ್ಲರಿಗೂ ಕಾಣುವ ಹಾಗೆ ನಿಂತೆ. ಮಂತ್ರಿಗಳ ಕೊರಳಲ್ಲಿ ಒಂದರ ಮೇಲೊಂದು ಪೊನ್ನಾಡೆ, ನಮ್ಮ ಕಡೆ ಸಭೆಗಳಲ್ಲಿ ಹೊದಿಸುವ ಆ ಜರಿ ಶಾಲು. ಜನರನ್ನು ತಳ್ಳಿಕೊಂಡು ಬಂದ ಲಕ್ಷ್ಮಕ್ಕ ನೇರವಾಗಿ ಅವರೆದುರು ನಿಂತಳು.

"ಸ್ವಾಮಿ, ಸಂಜೆ ಬಸ್ಸು ನಿಲ್ಲಿಸ್ಬುಟ್ರಲ್ಲ, ಆನೆ ತಿರ್ಗೋ ದಾರೀಲಿ ನನ್ ಮಗ್ಳು ಒಬ್ಳೇ ನಡ್ಕೊಂಡು ಬತ್ತಾಳೆ. ನಮ್ಮೇಲ್ ಸಿಟ್ಟಿದ್ರೆ ನಮ್ಮನ್ನ ಬೈರಿ, ಮಗೀನ್ ಮೇಲ್ಯಾಕೆ? ನೀವೂ ಒಂದಪ ಹೊತ್ ಮುಳುಗಿದ್ಮೇಲೆ ಆ ದಾರೀಲಿ ನಡ್ದು ನೋಡಿ."

ಮಂತ್ರಿಗಳು ಏನಂತೆ ಎಂದು ನನ್ನ ಕಡೆ ತಿರುಗಿದರು. ಮುಖಂಡರೂ ತಿರುಗಿದರು. ನಾನು ಬಾಯಿ ತೆರೆದೆ. ಆ ಬಾಯಿಂದ ಬಂದ ತಮಿಳನ್ನು ನೆನೆದರೆ ಇಂದಿಗೂ ಮೈ ಹಿಡಿಯಾಗುತ್ತದೆ. ಈ ತಾಯಿಯ ಮಗಳು ಪ್ಲಸ್ ಟೂ ಓದುತ್ತಿದ್ದಾಳೆ, ನಮ್ಮ ಸರ್ಕಾರದಿಂದ ಬಹಳ ಅನುಕೂಲವಾಗಿದೆಯಂತೆ, ತಮ್ಮ ಆಶೀರ್ವಾದ ಬೇಕಂತೆ ಎಂದುಬಿಟ್ಟೆ. ಮಂತ್ರಿಗಳಿಗೆ ಆನಂದವಾಯಿತು. ತಮ್ಮ ಕೊರಳಿನ ಒಂದು ಪೊನ್ನಾಡೆ ತೆಗೆದು ಲಕ್ಷ್ಮಕ್ಕನಿಗೇ ಹೊದಿಸಿ ಕೈ ಮುಗಿದರು. ಎಲ್ಲರೂ ಚಪ್ಪಾಳೆ ತಟ್ಟಿದರು. ಈ ಸಲ ನನ್ನ ಕೈ ಮೇಲೇಳಲಿಲ್ಲ. ಆರತಿ ತಟ್ಟೆ ಹಿಡಿದು ಪಕ್ಕದಲ್ಲೇ ನಿಂತಿದ್ದ ಶಾಲೆಯ ಹುಡುಗಿಯರಲ್ಲಿ, ನನ್ನಷ್ಟೇ ತಮಿಳು ಬಲ್ಲ ಸುಮ ಇದ್ದದ್ದನ್ನು ನಾನು ಕಂಡದ್ದು ಆಗ.

ಸಂಜೆ ಲಕ್ಷ್ಮಕ್ಕ ಒಂದು ಮೊರದ ತುಂಬ ಅವರೆಕಾಯಿ ತಂದು ನಮ್ಮ ಜಗಲಿಯ ಮೇಲಿಟ್ಟಳು. "ನೀನಿಲ್ದಿದ್ರೆ ನನ್ ಮಾತು ಯಾರಿಗ್ ತಿಳೀತಿತ್ತಣ್ಣ? ಅಷ್ಟ್ ಬೈದ್ರೂ ಕೈ ಮುಗುದ್ರು ನೋಡು, ದೊಡ್ ಮನ್ಸ. ಬಸ್ಸು ಬತ್ತದೆ ಬುಡು" ಎಂದಳು. ಓದು ಬಿಡಿಸುವ ಮಾತು ಅಲ್ಲಿಗೆ ನಿಂತಿತು. ಹೆಂಡತಿ ಅವರೆಕಾಳಿನ ಸಾರು ಮಾಡಿದಳು. ಉಂಡೆ ಅನ್ನುವುದಕ್ಕಿಂತ ನುಂಗಿದೆ ಎನ್ನುವುದು ಸರಿ.

ಬಸ್ಸೇನೂ ಬರಲಿಲ್ಲ. ಲಕ್ಷ್ಮಕ್ಕನ ನಂಬಿಕೆ ಮಾತ್ರ ಕದಲಲಿಲ್ಲ. ಮಗಳು ನಡೆದು ಬರುತ್ತಲೇ ಇದ್ದಳು. ಒಂದು ಸಂಜೆ ಅದೇ ದಾರಿಯಲ್ಲಿ ಆನೆ ಹಿಂಡು ನಿಂತಿದೆ ಎಂದು ಸುದ್ದಿ ಬಂದಾಗ ನಾನು ಬರಿಗಾಲಲ್ಲೇ ಊರ ತಿರುವಿನವರೆಗೆ ಓಡಿದೆ. ಅವಳು ಅವತ್ತು ಗೆಳತಿಯ ಮನೆಯಲ್ಲಿ ಉಳಿದಿದ್ದಳಂತೆ, ಬದುಕಿದೆ. ಮಾರನೆಯ ದಿನದಿಂದ ನನ್ನ ಹಳೆಯ ಮೊಪೆಡ್ಡಿನಲ್ಲಿ ನಾನೇ ಹೋಗಿ ಕರೆತರುತ್ತಿದ್ದೇನೆ. ಊರಿನವರು ಹೊಗಳುತ್ತಾರೆ. ನಮ್ಮ ಮುಖಂಡರಂತೂ ಮೊಪೆಡ್ಡಿನ ಮೇಲಿರುವ ನನ್ನ ಫೋಟೋ ತೆಗೆದು, ಹೆಣ್ಣುಮಕ್ಕಳ ವಿದ್ಯೆಗೆ ನಮ್ಮ ಪಕ್ಷದ ಸೇವೆ ಎಂದು ವಾಟ್ಸಾಪಿನಲ್ಲಿ ಎಲ್ಲರಿಗೂ ಕಳಿಸಿದ್ದಾರೆ.

ಸುಮ ಪುಸ್ತಕದ ಬ್ಯಾಗು ತಬ್ಬಿಕೊಂಡು ಹಿಂದೆ ಕೂರುತ್ತಾಳೆ. ಮೊನ್ನೆ ಊರು ಕಾಣುವ ತಿರುವಿನಲ್ಲಿ ಮೆಲ್ಲಗೆ ಹೇಳಿದಳು: "ಮಾವ, ನೀವ್ ಅವತ್ತು ಮಂತ್ರಿಗೆ ಏನ್ ಹೇಳುದ್ರಿ ಅಂತ ಅಮ್ಮಂಗೆ ಹೇಳಿಲ್ಲ."

ನಾನು ಖಾಲಿ ರಸ್ತೆಯಲ್ಲಿ ಸುಮ್ಮನೆ ಹಾರ್ನ್ ಹೊಡೆದೆ. ಬರುವ ಚುನಾವಣೆಯ ಹೊತ್ತಿಗೆ ಅವಳಿಗೂ ಓಟು ಬಂದಿರುತ್ತದೆ. ಊರಿನ ಪ್ರತಿ ಮನೆಯ ಬಾಗಿಲಲ್ಲೂ ನಿಂತು ನಾಚಿಕೆಯಿಲ್ಲದೆ ಓಟು ಕೇಳಿದವನು ನಾನು. ಪಕ್ಕದ ಮನೆಯ ಬಾಗಿಲು ಬಂದಾಗ ಯಾವ ಭಾಷೆಯಲ್ಲಿ ಕೇಳುವುದೋ ತಿಳಿಯುತ್ತಿಲ್ಲ.