ಇಡೀ ಪುಟ ಕಾಣಬೇಕು

ಎಲ್ಲಾ ಆದದ್ದು ಒಂದು ಹೆಬ್ಬೆರಳಿನಿಂದ.

ನೀರು ಸರಬರಾಜು ಕಚೇರಿಯ ದೂರು ಕಿಟಕಿಯಲ್ಲಿ ಕೂರುವ ತಣ್ಣೀರಕ್ಕ ಮಧ್ಯಾಹ್ನ ಊಟದ ಡಬ್ಬಿ ಮುಚ್ಚಿ, ಫೋನಿನಲ್ಲಿ ಕಾಮಿಕ್ಸ್ ತೆರೆದಿದ್ದಳು. ಊರುಗೋಲು ಹಿಡಿದು ಕಳ್ಳರನ್ನೂ ಲಂಚಕೋರರನ್ನೂ ಅಟ್ಟಾಡಿಸುವ ಒಬ್ಬ ಅಜ್ಜಿಯ ಕತೆ. ಪುಟ ಪೂರ್ತಿ ಕಾಣುವಂತೆ ಇಟ್ಟರೆ ಅಕ್ಷರಗಳು ಇರುವೆ ಸಾಲಿನಷ್ಟಾಗುತ್ತಿದ್ದವು. ಅಕ್ಷರ ದೊಡ್ಡದು ಮಾಡಿದರೆ ಅಜ್ಜಿಯ ಮೂಗು ಮಾತ್ರ ಉಳಿಯುತ್ತಿತ್ತು. ಹಾಗೆ ಹಿಗ್ಗಿಸುತ್ತ ಕುಗ್ಗಿಸುತ್ತ ಹೆಬ್ಬೆರಳು ಜಾರಿತು. ಎಲ್ಲೋ ಒತ್ತಿತು, ಅದನ್ನು ಸರಿಮಾಡಲು ಹೋಗಿ ಇನ್ನೆಲ್ಲೋ ಒತ್ತಿತು. ಡೊಳ್ಳುಹೊಟ್ಟೆಯ ಅಧಿಕಾರಿಯೊಬ್ಬನ ಬೋಳುತಲೆಗೆ ಅಜ್ಜಿ ಕೋಲಿನಿಂದ ಬಾರಿಸುತ್ತಿರುವ ಚಿತ್ರ ಕಚೇರಿಯ ಗ್ರೂಪಿಗೆ ಹೋಗಿ ಕೂತಿತು.

ಸಾಹೇಬರಿಗೆ ಡೊಳ್ಳುಹೊಟ್ಟೆ ಇತ್ತು. ಬೋಳುತಲೆಯೂ ಇತ್ತು.

ಸಾಹೇಬರ ಕೋಣೆಗೆ ಕರೆ ಬರಲು ತಡವಾಗಲಿಲ್ಲ.

"ಏನಮ್ಮಾ ಇದು? ಕಚೇರಿಗೆ ಸಂಬಂಧಪಟ್ಟಿದ್ದಾ?"

"ಅಲ್ಲ ಸಾರ್, ಕಾಮಿಕ್ಸು. ಬೆರಳು ಜಾರಿಬಿಡ್ತು."

"ಮನೇಲಿ ಮಕ್ಕಳು ಓದೋದಾ?"

"ನಾನೇ ಓದೋದು ಸಾರ್."

ಸಾಹೇಬರು ಏಟು ಬಿದ್ದವರ ಹಾಗೆ ತಲೆ ಸವರಿಕೊಂಡರು. "ಈ ವಯಸ್ಸಲ್ಲಿ? ಇರಲಿ. ಅದಕ್ಕೆ ಅಂತಲೇ ಇ-ರೀಡರ್ ಬರುತ್ತಂತಲ್ಲ, ಒಂದು ತಗೊಳ್ಳಿ. ಅದರಲ್ಲಿ ಗ್ರೂಪ್ ಇರಲ್ಲ. ನೀವೂ ಕ್ಷೇಮ, ನಾನೂ ಕ್ಷೇಮ. ಇವತ್ತೇ ಅರ್ಧ ದಿನ ರಜೆ ಹಾಕಿ ಹೋಗಿ."

ತಣ್ಣೀರಕ್ಕ ಎಂಬುದು ಕಚೇರಿಯವರು ಇಟ್ಟ ಹೆಸರು. ನಲ್ಲಿ ಒಣಗಿದವರು, ಬಿಲ್ಲು ಉಕ್ಕಿದವರು, ಕೊಳವೆ ಒಡೆದು ಮಂಚದವರೆಗೆ ನೀರು ಬಂದವರು, ಎಲ್ಲರೂ ಕುದಿಯುತ್ತ ಅವಳ ಕಿಟಕಿಗೆ ಬರುತ್ತಿದ್ದರು. ಅವಳು ತಣ್ಣಗೆ ಎರಡು ಮಾತಾಡಿ ಕಳಿಸುತ್ತಿದ್ದಳು. ಕುದಿ ಅವರಲ್ಲಿ ಆರುತ್ತಿತ್ತು. ಆದರೆ ಕುದಿ ಎಂಬುದು ಎಲ್ಲಿಗೂ ಹೋಗುವುದಿಲ್ಲ, ಒಂದು ಪಾತ್ರೆಯಿಂದ ಇನ್ನೊಂದಕ್ಕೆ ಸುರಿಯುತ್ತದೆ ಅಷ್ಟೆ ಎಂಬುದು ಅವಳೊಬ್ಬಳಿಗೆ ಗೊತ್ತಿತ್ತು. ಮನೆಗೆ ಹೋದರೆ ಅತ್ತೆಯ ಟೀವಿ, ಗಂಡನ ಫೋನು. ಅವನು ಮಾತಾಡುವ ಗಂಟಲಿಗೆ ಫೋನಿನ ಅಗತ್ಯವೇ ಇರಲಿಲ್ಲ. ಇಡೀ ದಿನದಲ್ಲಿ ಅವಳದ್ದು ಅಂತ ಇದ್ದದ್ದು ಊಟದ ಬಿಡುವಿನ ಆ ಒಂದು ಚೂರು ಹೊತ್ತು, ಮತ್ತು ಕಾಮಿಕ್ಸು. ಅದರಲ್ಲಿ ಎಷ್ಟು ದೊಡ್ಡ ಜಗಳವಾದರೂ ಸದ್ದಿಲ್ಲ. ಬೈಗುಳವೆಲ್ಲ ಮಾತಿನ ಗುಳ್ಳೆಯೊಳಗೆ ತೆಪ್ಪಗೆ ಕೂತಿರುತ್ತದೆ.

ಎರಡು ವರ್ಷದಿಂದ ಇ-ರೀಡರ್ ಕೊಳ್ಳಬೇಕೆಂದು ಆಸೆಪಟ್ಟಿದ್ದಳು. ಮೊದಲು ಸೋರುವ ಮಾಡು ಅಡ್ಡ ಬಂತು, ಆಮೇಲೆ ಗಂಡನ ಹಲ್ಲು. ಇವತ್ತು ಸಾಹೇಬರ ಅಪ್ಪಣೆಯೇ ಆಗಿದೆ, ಒಬ್ಬಳೇ ಹೋಗಿ ನೆಮ್ಮದಿಯಾಗಿ ಆರಿಸಿ ತರುತ್ತೇನೆ ಅಂದುಕೊಂಡು ಚೀಲ ಹೆಗಲಿಗೇರಿಸಿದಳು.

ಬಾಗಿಲಲ್ಲಿ ಇಬ್ಬರು ತಾವೂ ಅರ್ಧ ದಿನ ರಜೆ ಹಾಕಿ ನಿಂತಿದ್ದರು.

ಒಬ್ಬರು ಮೀಟರ್ ಮಾವ. ನಿವೃತ್ತಿಗೆ ಹತ್ತಿರವಾದ ಮೀಟರ್ ರೀಡರು. ಊರಿನ ಎಲ್ಲರ ಹಿತ್ತಲಿಗೂ ನುಗ್ಗಿ ಅಭ್ಯಾಸವಾದ್ದರಿಂದ ಎಲ್ಲರ ವಿಷಯಕ್ಕೂ ನುಗ್ಗುವ ಹಕ್ಕು ತಮಗಿದೆ ಎಂದು ನಂಬಿದವರು. ಇನ್ನೊಬ್ಬಳು ಕ್ಯಾಷಿಯರಮ್ಮ. ನೋಟಿನ ಮೇಲಿನ ಅಕ್ಷರ ಬಿಟ್ಟು ಬೇರೇನೂ ಓದದವಳು.

"ಒಬ್ಬಳೇ ಹೋದ್ರೆ ಟೋಪಿ ಹಾಕಿ ಕಳಿಸ್ತಾರೆ ಕಣೇ," ಅಂದಳು ಕ್ಯಾಷಿಯರಮ್ಮ. "ನಿಂಗೆ ಗಟ್ಟಿಯಾಗಿ ಮಾತಾಡೋಕೆ ಎಲ್ಲಿ ಬರುತ್ತೆ?"

ಬಸ್ಸಿನುದ್ದಕ್ಕೂ ಉಪದೇಶ.

"ಕಾಮಿಕ್ಸ್ ಓದಿದ್ರೆ ಬುದ್ಧಿ ಬೆಳೆಯಲ್ವಂತಮ್ಮ," ಅಂದರು ಮಾವ.

"ಇನ್ನು ಬೆಳೆದು ಏನಾಗಬೇಕು ಮಾವ," ಅಂದಳು ತಣ್ಣೀರಕ್ಕ ನಗುತ್ತ. ಮಾತು ಹೊರಗೆ ಬಂತು, ಸಿಟ್ಟು ಒಳಗೆ ಹೋಯಿತು.

"ಚಿಕ್ಕದು ತಗೋ, ಚೀಲದಲ್ಲಿ ಹಿಡಿಸುತ್ತೆ," ಅಂದಳು ಕ್ಯಾಷಿಯರಮ್ಮ.

"ದೊಡ್ಡದು ಬೇಕು ಕಣೇ, ಚಿತ್ರ ಕಾಣಬೇಕು."

"ಚಿತ್ರ ನೋಡೋಕೆ ಗೋಡೆ ಕ್ಯಾಲೆಂಡರ್ ಸಾಲದಾ?"

ಅದೂ ಒಳಗೆ ಹೋಯಿತು.

ಅಂಗಡಿ ಗಾಜಿನ ಗೋಡೆಯದು. ಒಳಗೆ ಚಳಿ ಹಿಡಿಸುವಷ್ಟು ತಂಪು. ಮಾರುವವನು ಕೊರಳಿಗೆ ಗುರುತಿನ ಚೀಟಿ ತೂಗಿಸಿಕೊಂಡು ಬಂದು, ತಣ್ಣೀರಕ್ಕನನ್ನು ಕಂಬದ ಹಾಗೆ ಬಳಸಿ ದಾಟಿ, ಮೀಟರ್ ಮಾವನ ಮುಂದೆ ನಿಂತ.

"ಹೇಳಿ ಸಾರ್."

"ಇ-ರೀಡರ್ ಬೇಕಿತ್ತು, ಕಾಮಿಕ್ಸ್ ಓದೋಕೆ," ಅಂದಳು ತಣ್ಣೀರಕ್ಕ.

"ಮಗೂಗೆ ಎಷ್ಟು ವಯಸ್ಸು ಸಾರ್?"

"ಐವತ್ತಕ್ಕೆ ಹತ್ತಿರ," ಅಂದರು ಮಾವ, ಅವಳ ಕಡೆ ಗದ್ದ ಎತ್ತಿ ತೋರಿಸಿ.

ಕ್ಯಾಷಿಯರಮ್ಮ ಕಿಸಕ್ಕನೆ ನಕ್ಕಳು. ತಣ್ಣೀರಕ್ಕನ ಕಿವಿ ಬಿಸಿಯಾಯಿತು.

ಮಾರುವವನು ಅಂಗೈಯಷ್ಟಗಲದ ಒಂದನ್ನು ಎತ್ತಿ ತೋರಿಸಿದ. ಕಪ್ಪು ಬಿಳುಪು. "ಕಾಗದದ ಹಾಗೇ ಇರುತ್ತೆ ಮೇಡಂ. ಎಲ್ಲರೂ ಇದನ್ನೇ ತಗೊಳ್ಳೋದು." ಅವಳ ಫೋನಿನಿಂದ ಅಜ್ಜಿಯ ಕತೆಯನ್ನು ಅದಕ್ಕೆ ದಾಟಿಸಿಯೂ ಕೊಟ್ಟ. ಅವಳು ನೋಡಿದಳು. ಮತ್ತೆ ಅದೇ ಇರುವೆ ಸಾಲು.

"ಅಕ್ಷರ ಕಾಣಲ್ವಲ್ಲಪ್ಪ."

"ಜೂಮ್ ಮಾಡಬಹುದು ಮೇಡಂ."

ಆ ಮಾತು ಎಲ್ಲಿ ತಾಗಿತೋ! ಒಡೆಯುವ ಮುಂಚೆ ಕೊಳವೆಯೊಳಗೆ ಗುಡುಗುಡು ಸದ್ದಾಗುವುದುಂಟು. ಅಂಥದೊಂದು ಸದ್ದು ಅವಳ ಎದೆಯಿಂದ ಎದ್ದು ಗಂಟಲಿಗೆ ಬಂತು.

"ಜೂಮಾ?"

ಅಂಗಡಿಯಲ್ಲಿದ್ದವರು ತಿರುಗಿದರು. ಕ್ಯಾಷಿಯರಮ್ಮ ಎರಡು ಹೆಜ್ಜೆ ಹಿಂದೆ ಸರಿದಳು. ಈ ದನಿಯನ್ನು ಅವಳು ಕೇಳಿರಲಿಲ್ಲ. ತಣ್ಣೀರಕ್ಕನೂ ಕೇಳಿರಲಿಲ್ಲ.

"ಎರಡು ವರ್ಷದಿಂದ ಜೂಮ್ ಮಾಡ್ತಾನೇ ಇದೀನಿ! ನೋಡಿಲ್ಲಿ, ಅಜ್ಜಿ ಕೋಲೆತ್ತಿದಾಳೆ. ಕಳ್ಳ ಎಲ್ಲಿ? ಹೇಳು, ಕಳ್ಳ ಎಲ್ಲಿ? ಪಕ್ಕದ ಅಂಗಡೀಲಿದಾನಾ? ಈಗ ಇತ್ತ ಎಳೀತೀನಿ. ಕಳ್ಳ ಬಂದ. ಅಜ್ಜಿ ಎಲ್ಲಿ? ಏಟು ಯಾರು ಹೊಡೆದ್ರು ಅವನಿಗೆ, ಗಾಳಿಯಾ? ಪುಟ ಬರೆದೋನು ಒಂದೇ ನೋಟಕ್ಕೆ ಕಾಣ್ಲಿ ಅಂತ ಬರೆದಿರ್ತಾನೆ. ಅದನ್ನ ತುಂಡು ತುಂಡು ಮಾಡಿ ತಿನ್ನಿಸ್ತೀಯ?"

ಅವನು ಬೆದರಿ, ಫಳಫಳ ಹೊಳೆಯುವ ದೊಡ್ಡ ಟ್ಯಾಬ್ಲೆಟ್ ಒಂದನ್ನು ಮುಂದಿಟ್ಟ. "ಹಾಗಾದ್ರೆ ಇದು..."

"ಇದರಲ್ಲಿ ನನ್ನ ಮುಖವೇ ಕಾಣುತ್ತೆ! ನನ್ನ ಮುಖ ನೋಡೋಕೆ ಮನೇಲಿ ಕನ್ನಡಿ ಇಲ್ವಾ? ಎತ್ತಿದ್ರೆ ಬೀಸೋ ಕಲ್ಲಿನ ಭಾರ. ಫೋನೂ ಬರುತ್ತಾ ಇದಕ್ಕೆ?"

"ಬರುತ್ತೆ ಮೇಡಂ," ಅಂದ ಅವನು, ಹಿಗ್ಗಿನಿಂದ.

"ಫೋನು ಬಾರದ ಜಾಗ ಬೇಕು ಅಂತಲೇ ಕಣಯ್ಯಾ ನಾನು ಬಂದಿರೋದು!"

ಅಷ್ಟರಲ್ಲಿ ಮೂಲೆಯ ಕಪಾಟಿನಲ್ಲಿ ಅವಳಿಗೆ ಇನ್ನೊಂದು ಇ-ರೀಡರ್ ಕಂಡಿತು. ಅಗಲವಾದದ್ದು, ಹೊಳಪಿಲ್ಲದ್ದು. ತಾನೇ ಹೋಗಿ ಎತ್ತಿಕೊಂಡಳು. ಒಣಗಿದ ಎಲೆಯಷ್ಟು ಹಗುರ. ಕತೆ ಹಾಕಿಸಿದಳು. ಇಡೀ ಪುಟ ಒಟ್ಟಿಗೆ ಬಂತು. ಅಜ್ಜಿ ಇದ್ದಳು, ಕೋಲು ಇತ್ತು, ಕಳ್ಳನ ತಲೆಯೂ ಇತ್ತು. ಅಕ್ಷರಗಳು ಕನ್ನಡಕದ ಹಂಗಿಲ್ಲದೆ ಓದಿಸಿಕೊಂಡವು. ಬಣ್ಣ ಹಳೆಯ ಪುಸ್ತಕದಂತೆ ಸ್ವಲ್ಪ ಮಂಕು, ಕಣ್ಣಿಗೆ ಅದೇ ಹಿತ.

ಸುಮ್ಮನಾಗಬೇಕಿತ್ತು. ಆದರೆ ಒಡೆದ ಕೊಳವೆಗೆ ಬಟ್ಟೆ ಕಟ್ಟಿದರೆ ನಿಲ್ಲುತ್ತದೆಯೇ? ಸದ್ದಿಗೆ ಮ್ಯಾನೇಜರು ಓಡಿ ಬಂದ.

"ಅಮ್ಮಾ, ಒಳಗೆ ಕೂತು ಮಾತಾಡೋಣ ಬನ್ನಿ."

"ಯಾಕೆ ಒಳಗೆ? ಒಳಗೇ ಇಟ್ಕೊಂಡು ಇಷ್ಟು ವರ್ಷ ಆಯ್ತು. ಇಲ್ಲೇ ಹೇಳ್ತೀನಿ!" ತಣ್ಣೀರಕ್ಕ ಇ-ರೀಡರನ್ನು ಎಲ್ಲರಿಗೂ ಕಾಣುವಂತೆ ಎತ್ತಿ ಹಿಡಿದಳು. "ಇಂಥದ್ದನ್ನ ಮೂಲೇಲಿ ಧೂಳು ತಿನ್ನೋಕೆ ಬಿಟ್ಟು, ಬಂದೋರಿಗೆಲ್ಲ ಆ ಅಂಗೈಯಗಲದ್ದನ್ನ ತೋರಿಸ್ತೀರಲ್ಲ, ನಾಚಿಕೆ ಆಗಲ್ವಾ? ನೋಡಿ, ಇಡೀ ಪುಟ! ಒಂದು ಕೈಯಲ್ಲಿ ಹಿಡೀಬಹುದು. ಪಕ್ಕದಲ್ಲೇ ಗುಂಡಿ, ಒತ್ತಿದ್ರೆ ಪುಟ ತಿರುಗುತ್ತೆ, ಬೆರಳು ಜಾರೋ ಭಯ ಇಲ್ಲ. ಕಿಟಕಿ ಪಕ್ಕ ಬಿಸಿಲಲ್ಲಿ ಕೂತರೂ ಕಾಣುತ್ತೆ. ಯಾವನೂ ಇದಕ್ಕೆ ಫೋನ್ ಮಾಡಲ್ಲ! ಹೆಂಗಸು ಬಂದ್ರೆ ಮಗೂ ವಯಸ್ಸು ಕೇಳ್ತಾನೆ ನಿಮ್ಮೋನು. ಯಾಕೆ, ಹೆಂಗಸರಿಗೆ ನಗೋಕೆ ಬರಲ್ವಾ? ಕಾಮಿಕ್ಸ್ ಓದೋಕೆ ಮಗು ಹೆರಬೇಕಾ?"

"ಸರಿಯಾಗಿ ಹೇಳಿದ್ರಿ!" ಅಂತ ಯಾರೋ ಕೂಗಿದರು. ಜನ ಸೇರಿದ್ದರು. ಅವಳಿಗೆ ಇನ್ನಷ್ಟು ಹುರುಪು ಬಂತು. ಇಷ್ಟು ವರ್ಷ ಕಿಟಕಿಯಾಚೆಯಿಂದ ಕೇಳಿಸಿಕೊಂಡದ್ದರಲ್ಲಿ ಒಂದೂ ವ್ಯರ್ಥವಾಗಿರಲಿಲ್ಲ. ಮೇಜು ಕುಟ್ಟುವುದು, ಬೆರಳು ಆಡಿಸುವುದು, ನಡುವೆ ತಟ್ಟನೆ ದನಿ ತಗ್ಗಿಸಿ ಹೆದರಿಸುವುದು, ಎಲ್ಲವೂ ಬಡ್ಡಿ ಸಮೇತ ಬಂದವು. ಇ-ರೀಡರಿನ ಬೆನ್ನು ತಿರುಗಿಸಿ ತೋರಿಸಿದಳು, ಪುಟ ಹಿಂದೆ ಮುಂದೆ ಮಾಡಿ ತೋರಿಸಿದಳು, ಅಂಗೈಯಗಲದ್ದನ್ನು ಪಕ್ಕದಲ್ಲಿಟ್ಟು ಅವಮಾನ ಮಾಡಿದಳು. ಕೊನೆಗೆ ಮಾರುವವನು ಕೈಮುಗಿದು "ತಪ್ಪಾಯ್ತಮ್ಮ" ಅಂದಾಗ ಚಪ್ಪಾಳೆಯೇ ಬಿತ್ತು.

ತಣ್ಣೀರಕ್ಕ ಇ-ರೀಡರನ್ನು ಕಪಾಟಿನ ಮೇಲಿಟ್ಟು, ಸೆರಗಿನಿಂದ ಮುಖ ಒರೆಸಿಕೊಂಡಳು. ಒಳಗೆಲ್ಲ ಗುಡಿಸಿ ಸಾರಿಸಿದಂತೆ ಹಗುರವಾಗಿತ್ತು. ಮ್ಯಾನೇಜರು ತಂದ ನೀರು ಗಟಗಟ ಕುಡಿದಳು.

"ಬಿಲ್ ಮಾಡಪ್ಪ. ಒಂದು ಕೊಡು."

ಮಾರುವವನು ಮ್ಯಾನೇಜರನ ಮುಖ ನೋಡಿದ. ಮ್ಯಾನೇಜರು ನೆಲ ನೋಡಿದ.

"ಖಾಲಿ ಆಯ್ತಮ್ಮ," ಅಂದ ಮ್ಯಾನೇಜರು.

"ಏನು ಖಾಲಿ?"

"ನೀವು ಮಾತಾಡ್ತಾ ಮಾತಾಡ್ತಾನೇ ಎಲ್ಲಾ ಹೋಯ್ತು. ಎಷ್ಟೋ ದಿನದಿಂದ ಒಂದೂ ಅಲ್ಲಾಡಿರಲಿಲ್ಲ. ನೀವು ಗುಂಡಿ ತೋರಿಸಿದಾಗ ಅರ್ಧ ಹೋಯ್ತು, ಬಿಸಿಲು ಅಂದಾಗ ಉಳಿದರ್ಧ."

"ಈಗ ಇಲ್ಲಿಟ್ಟೆನಲ್ಲ, ಅದು?"

ಕಪಾಟಿನ ಮೇಲೆ ಬರೀ ಧೂಳಿನ ಚೌಕವಿತ್ತು. ಬಿಲ್ಲಿನ ಸಾಲಿನಿಂದ ಕ್ಯಾಷಿಯರಮ್ಮ ಎದೆಗೊಂದು ಡಬ್ಬ ಅವುಚಿಕೊಂಡು ಬಂದಳು.

"ಕೊನೇದು ಕಣೇ, ಸಿಕ್ಕೇಬಿಡ್ತು! ಎಷ್ಟು ಚೆನ್ನಾಗಿ ಹೇಳಿದ್ಯೇ, ಕಣ್ಣಲ್ಲಿ ನೀರು ಬಂತು."

"ನೀನು... ನೀನು ಓದಲ್ವಲ್ಲೇ!"

"ಓದಲ್ಲ. ಆದ್ರೆ ಇಷ್ಟು ಒಳ್ಳೇದು ಅಂದ್ಮೇಲೆ ಮನೇಲಿ ಒಂದು ಇರ್ಲಿ. ಬೀರೂಲಿ ಭದ್ರವಾಗಿ ಇಡ್ತೀನಿ."

ಮತ್ತೆ ಯಾವಾಗ ಬರುತ್ತದೆ ಎಂದು ತಣ್ಣೀರಕ್ಕ ಕೇಳಿದಳು. ಈ ಮಾದರಿಯನ್ನು ಕಂಪನಿಯವರು ನಿಲ್ಲಿಸಿಬಿಟ್ಟಿದ್ದಾರೆಂದು ಮ್ಯಾನೇಜರು ಹೇಳಿದ. ಯಾರೂ ಕೊಳ್ಳುತ್ತಿರಲಿಲ್ಲವಂತೆ. ಅವಳ ಉಪಕಾರಕ್ಕೆ ಪ್ರತಿಯಾಗಿ ಇ-ರೀಡರಿನ ಪರದೆ ಒರೆಸುವ ಮೆತ್ತನೆಯ ಬಟ್ಟೆಯೊಂದನ್ನು ಕೈಗಿಟ್ಟು, ಬಾಗಿಲವರೆಗೆ ಬಂದು ಬೀಳ್ಕೊಟ್ಟ.

ಹೊರಗೆ ಮೀಟರ್ ಮಾವ ಹೆಮ್ಮೆಯಿಂದ ಕಾಯುತ್ತಿದ್ದರು.

"ನಾನೂ ಒಂದು ಒಳ್ಳೇ ಕೆಲಸ ಮಾಡಿದೆ ಕಣಮ್ಮ. ತೊಂದ್ರೆ ಆದ್ರೆ ಯಾರನ್ನ ಕೇಳೋದು ಅಂತ ತಗೊಂಡೋರೆಲ್ಲ ಕೇಳ್ತಿದ್ರು. ಅಂಗಡಿಯೋರಿಗೆ ಏನು ಗೊತ್ತು, ಮಣ್ಣು? ನಿನ್ನ ಕಿಟಕಿ ಹೇಳಿಬಿಟ್ಟೆ. ಬೆಳಗ್ಗೆ ನೀರಿನೋರ ಗಲಾಟೆ, ಮಧ್ಯಾಹ್ನ ಊಟದ ಹೊತ್ತಿಗೆ ಬನ್ನಿ, ಆಗ ಅವಳು ಸುಮ್ನೆ ಕೂತಿರ್ತಾಳೆ ಅಂದೆ."

ತಣ್ಣೀರಕ್ಕ ಬಾಯಿ ತೆರೆದಳು. ಸಿಟ್ಟು ಬರಬೇಕಿತ್ತು. ಎದೆಯಲ್ಲಿ ಹುಡುಕಿದಳು, ಗಂಟಲಲ್ಲಿ ಹುಡುಕಿದಳು. ಒಂದು ತೊಟ್ಟೂ ಉಳಿದಿರಲಿಲ್ಲ. ಎಲ್ಲವನ್ನೂ ಅಂಗಡಿಯಲ್ಲೇ ಸುರಿದು ಬಂದಿದ್ದಳು.

ಅಷ್ಟರಲ್ಲಿ ದಪ್ಪ ಮೀಸೆಯವರೊಬ್ಬರು ಡಬ್ಬ ಬಿಚ್ಚಿಕೊಂಡು ದಾಪುಗಾಲು ಹಾಕುತ್ತ ಬಂದರು.

"ಏನ್ರೀ, ನೀವೇ ಅಲ್ವಾ ಹೊಗಳಿದ್ದು? ಆನ್ ಆಗ್ತಾನೇ ಇಲ್ಲ ಇದು! ನಿಮ್ಮನ್ನ ನಂಬಿ ತಗೊಂಡೆನಲ್ಲ, ನನ್ನ ಬುದ್ಧಿಗಿಷ್ಟು!"

"ಕೆಳಗಿನ ಗುಂಡಿ ಒತ್ತಿ ಹಿಡ್ಕೊಳ್ಳಿ ಸಾರ್," ಅಂದಳು ತಣ್ಣೀರಕ್ಕ. ದನಿ ತಾನಾಗಿ ತಣ್ಣಗಾಗಿತ್ತು. "ಬಿಡಬೇಡಿ. ಇನ್ನೂ ಸ್ವಲ್ಪ. ಹಾಂ, ಬಂತು ನೋಡಿ."

ಮೀಸೆಯವರ ಹಿಂದೆ ಇನ್ನೂ ಮೂವರು ಡಬ್ಬ ಹಿಡಿದು ನಿಂತಿದ್ದರು. ನೂಕಾಡಬೇಡಿ, ನೂಕಾಡಬೇಡಿ ಅನ್ನುತ್ತ ಮೀಟರ್ ಮಾವ ಆಗಲೇ ಅವರನ್ನು ಸಾಲು ಮಾಡಿಸುತ್ತಿದ್ದರು.