ಮರಿ ಟೈಲರಿಗೆ ಅರವತ್ತೆರಡು

ಬೆಳಗ್ಗೆ ಅಂಗಡಿ ತೆರೆಯುವಾಗ ದೊಡ್ಡ ಟೈಲರು ಸೀನಿದರು. ತೊಂಬತ್ತು ದಾಟಿದ ಮೂಗು. ಸುದ್ದಿ ಬೀದಿಯ ಕೊನೆ ಮುಟ್ಟುವಷ್ಟರಲ್ಲಿ ಸೀನು ನ್ಯುಮೋನಿಯಾ ಆಗಿತ್ತು. ಅವರನ್ನು ಮಹಡಿಗೆ ಕರೆದೊಯ್ದು ಮಲಗಿಸಿ ಮಗ ಕೆಳಗಿಳಿದು ಬಂದ.

ಮಗನೆಂದರೆ ಮರಿ ಟೈಲರು. ವಯಸ್ಸು ಅರವತ್ತೆರಡು. ತಲೆಯ ಕೂದಲೆಲ್ಲ ಉದುರಿದರೂ ಹೆಸರಿನ 'ಮರಿ' ಉದುರಿರಲಿಲ್ಲ. ಕಾಜಾ, ಗುಂಡಿ, ಇಸ್ತ್ರಿ ಇಷ್ಟೇ ಅವನ ಪಾಲು. ಕತ್ತರಿ ಮುಟ್ಟಿದರೆ ಅಪ್ಪನ ಗದರಿಕೆ, "ಇನ್ನೂ ಕೈ ಪಳಗಿಲ್ಲ, ಇಡೋ ಕೆಳಗೆ!"

ಮುತ್ತಜ್ಜ ಜ್ವರಕ್ಕೆ ಹೋದಾಗ ಅಜ್ಜನಿಗೆ ಹದಿನೆಂಟಕ್ಕೇ ಕತ್ತರಿ ಸಿಕ್ಕಿತ್ತು. ಅಜ್ಜ ಕಾಲರಾಕ್ಕೆ ಹೋದಾಗ ಅಪ್ಪನಿಗೆ ಇಪ್ಪತ್ತೈದು. ಆಮೇಲೆ ಲಸಿಕೆ ಬಂತು, ಮಾತ್ರೆ ಬಂತು, ನಲ್ಲಿಯಲ್ಲಿ ಶುದ್ಧ ನೀರು ಬಂತು. ಊರಿಗೆಲ್ಲ ಆಯುಸ್ಸು ಸಿಕ್ಕಿತು; ಮರಿ ಟೈಲರಿಗೆ ಕತ್ತರಿ ತಪ್ಪಿತು. ಅಪ್ಪ ನೂರು ವರ್ಷ ಬಾಳಲಿ ಎಂದು ಮನಸಾರೆ ಹಾರೈಸುತ್ತಿದ್ದ. ಹಾರೈಸಿ ನಿಟ್ಟುಸಿರು ಬಿಡುತ್ತಿದ್ದ.

"ಇವತ್ತೇ ಹಿಡಿದುಬಿಡೋ," ಎಂದ ಪಕ್ಕದ ಕ್ಷೌರದಂಗಡಿಯವನು, ಗಿರಾಕಿಯ ಅರ್ಧ ಗಡ್ಡ ಹಾಗೇ ಬಿಟ್ಟು ಬಂದು. "ಕಾಯ್ತಾ ಕೂತ್ರೆ ನೀನೇ ಮೊದ್ಲು ಹೊರಡ್ತೀಯ!"

ವಕೀಲರ ಕೋಟಿನ ಬಟ್ಟೆ ಮೇಜಿನ ಮೇಲಿತ್ತು. ಮರಿ ಟೈಲರು ಕತ್ತರಿ ಎತ್ತಿಕೊಂಡ. ಮಷಿನ್ ತುಳಿಯುತ್ತಿದ್ದ ಅವನ ಮಗಳು, "ಅಪ್ಪಾ, ಗೆರೆ ನೋಡ್ಕೊ," ಎಂದಳು. "ಸ್ವಲ್ಪ ಬಲಕ್ಕೆ," ಎಂದ ಕ್ಷೌರಿಕ. ಕಣ್ಣಿಗೆ ಗೆರೆ ಎರಡೆರಡಾಗಿ ಕಂಡಿತು. ಕೈ ಗಾಳಿಗೆ ಸಿಕ್ಕ ಎಲೆಯಂತೆ ನಡುಗಿತು. ಕತ್ತರಿಸಿ ಮುಗಿದಾಗ ಕೋಟಿಗೆ ಎರಡೂ ಎಡತೋಳುಗಳೇ!

ಅಷ್ಟರಲ್ಲಿ ಮೆಟ್ಟಿಲ ಮೇಲೆ ದೊಡ್ಡ ಟೈಲರು. ಬಿಸಿನೀರು ಕುಡಿದು, ಮೂಗು ಒರೆಸಿಕೊಂಡು ಇಳಿದು ಬಂದಿದ್ದರು. ತೋಳುಗಳನ್ನು ನೋಡಿದರು. ಮಗನ ಕೈ ನೋಡಿದರು. ಬೈಯಲಿಲ್ಲ.

"ತಪ್ಪು ನಂದೇ ಕಣೋ," ಎಂದರು ಮೆತ್ತಗೆ, ಮೇಜಿನಿಂದ ಕತ್ತರಿ ಎತ್ತಿಕೊಂಡು. "ಗಮನಿಸ್ಲೇ ಇಲ್ಲ ನಾನು. ಇವತ್ತೇ ಕತ್ತರಿ ಬಿಟ್ಟುಕೊಡ್ತೀನಿ."

ಕ್ಷೌರಿಕ ಮರಿ ಟೈಲರ ಬೆನ್ನಿಗೆ ಗುದ್ದಿದ. ಮರಿ ಟೈಲರು ಎರಡೂ ಕೈ ಚಾಚಿದ. ದೊಡ್ಡ ಟೈಲರು ಆ ಕೈಗಳನ್ನು ದಾಟಿ ಹೋಗಿ ಕತ್ತರಿಯನ್ನು ಮೊಮ್ಮಗಳ ಕೈಯಲ್ಲಿಟ್ಟರು.

"ಅಪ್ಪಾ... ಮತ್ತೆ ನಾನು?"

"ನಿಂಗೆ ವಯಸ್ಸಾಯ್ತಲ್ಲಪ್ಪಾ! ಇನ್ನೂ ಎಷ್ಟಂತ ದುಡೀತೀಯ?"

ಮರಿ ಟೈಲರು ಮೂಲೆಯ ಸ್ಟೂಲಿನಲ್ಲಿ ಕುಸಿದು ಕೂತ. ಏನಾದರೂ ಮಾಡಬೇಕಲ್ಲ ಎಂದು ಸೂಜಿ ತೆಗೆದುಕೊಂಡ, ದಾರ ತೂರಲಿಲ್ಲ. ದೊಡ್ಡ ಟೈಲರು ಸೂಜಿಯನ್ನು ಕಸಿದುಕೊಂಡು, ಕನ್ನಡಕವಿಲ್ಲದೆಯೇ, ಒಂದೇ ಸಲಕ್ಕೆ ಪೋಣಿಸಿ ಕೊಟ್ಟರು.