ಐದನೆಯ ಹಂಚು

ದೋಣಿ ಮಗುಚಬಹುದಿತ್ತು. ಮಗುಚದಿದ್ದರೆ ತಳದ ಹಲಗೆ ಸಡಿಲಾಗಿ ನೀರು ಒಳಗೆ ಬರಬಹುದಿತ್ತು. ನೀರು ಬಾರದಿದ್ದರೆ ಇಳಿತದ ಸೆಳೆತಕ್ಕೆ ಸಿಕ್ಕಿ, ಅಳಿವೆ ದಾಟಿ, ಅರಬ್ಬಿ ಸಮುದ್ರ ಸೇರಿ, ಪಾಸ್‌ಪೋರ್ಟೂ ವೀಸಾವೂ ಇಲ್ಲದೆ ಮಸ್ಕತ್ತಿನಲ್ಲಿ ಇಳಿಯಬಹುದಿತ್ತು. ಮೀನಿನ ಬೋಟೊಂದು ಬಂದು ಗುದ್ದಬಹುದಿತ್ತು. ಮರಳದಿಬ್ಬದ ಮೇಲೆ ಸಿಕ್ಕಿಬಿದ್ದು, ಉಬ್ಬರ ಬರುವ ತನಕ ಊರವರಿಗೆಲ್ಲ ಪುಕ್ಕಟೆ ಪ್ರದರ್ಶನವಾಗಬಹುದಿತ್ತು. ಈಜು ಬಾರದ ಅಮ್ಮ ನೀರಿಗೆ ಬೀಳಬಹುದಿತ್ತು. ಈಜು ಬರುತ್ತದೆಂದು ಕಂಡಕಂಡವರಿಗೆ ಹೇಳಿಕೊಂಡಿದ್ದ ನಾನು ಅವಳನ್ನು ರಕ್ಷಿಸಲು ಹಾರಬೇಕಾಗಬಹುದಿತ್ತು. ಆಮೇಲೆ ಅಮ್ಮನೇ ನನ್ನನ್ನು ದಡಕ್ಕೆ ಎಳೆದು ಹಾಕಬೇಕಾಗುತ್ತಿತ್ತು, ಅದು ಬೇರೆ ಮಾತು!

ಎಪ್ಪತ್ತರ ದಶಕದ ಕೊನೆಯ ವರ್ಷಗಳಲ್ಲಿ, ಮಳೆಗಾಲ ಬಿಟ್ಟು ಉಳಿದ ಪ್ರತಿ ಆದಿತ್ಯವಾರ, ಇಷ್ಟನ್ನೂ ಮನಸ್ಸಿನಲ್ಲಿ ಕ್ರಮವಾಗಿ ಅನುಭವಿಸಿ ಮುಗಿಸಿಯೇ ನಾನು ಮಾವನ ದೋಣಿಗೆ ಕಾಲಿಡುತ್ತಿದ್ದೆ. ಇದರಲ್ಲಿ ಒಂದೂ ಆಗಲಿಲ್ಲ. ಆದದ್ದು ಬೇರೆಯೇ ಒಂದು, ಅದೂ ತೀರಾ ಸಣ್ಣದು. ಆದರೆ ಅದನ್ನು ಹೇಳಬೇಕಾದರೆ ಮೊದಲು ಮಾವನ ವಿಷಯ ಹೇಳಬೇಕು.

ನನ್ನ ಈ ಸೋದರಮಾವ ಜನ್ಮದಲ್ಲಿ ಯಾರನ್ನೂ ಮನುಷ್ಯರೆಂದು ಲೆಕ್ಕಕ್ಕೆ ಹಿಡಿದವರಲ್ಲ. ಅವರ ಕಣ್ಣಿಗೆ ಎಲ್ಲರೂ ಹಂಚು!

ಹೊಳೆಬದಿಯ ಒಂದು ಹಂಚಿನ ಕಾರ್ಖಾನೆಯಲ್ಲಿ ಅವರು ಮೇಸ್ತ್ರಿ. ಗೂಡಿನಿಂದ ಹೊರಬಂದ ಹಂಚನ್ನು ಕೈಯಲ್ಲಿ ಹಿಡಿದು ನೋಡಿ, ಇದು ಬೆಂದಿದೆ, ಇದು ಬೆಂದಿಲ್ಲ, ಇದು ಸೊಟ್ಟ ಎಂದು ಬೇರ್ಪಡಿಸುವುದು ಅವರ ಕೆಲಸ. ಮೂವತ್ತು ವರ್ಷ ಹಂಚು ಹಿಡಿದ ಕೈಗೆ ಕಿಲೋ, ಪೌಂಡು ಯಾವುದೂ ರುಚಿಸುತ್ತಿರಲಿಲ್ಲ. ಒಂದು ಹಂಚೆಂದರೆ ಸುಮಾರು ಎರಡೂವರೆ ಕಿಲೋ; ಭೂಮಿಯ ಮೇಲಿನ ಸಕಲ ಚರಾಚರಗಳನ್ನು ಅಳೆಯಲು ಅಷ್ಟು ಸಾಕು. ನಾನು ಹತ್ತೊಂಬತ್ತು ಹಂಚು. ತಂಗಿ ಹದಿನೇಳು. ಅಮ್ಮ ಇಪ್ಪತ್ತಮೂರು. ಪಕ್ಕದ ಮನೆಯ ಮಗು ನಾಮಕರಣದ ದಿನ ಒಂದೂವರೆ. ಮಗುವನ್ನು ಎತ್ತಿಕೊಂಡವರೆಲ್ಲ ಮೂಗು ಅಪ್ಪನದ್ದು, ಕಣ್ಣು ಅಮ್ಮನದ್ದು ಎನ್ನುತ್ತಿದ್ದರೆ ಮಾವ ಮಾತ್ರ ಅದನ್ನು ಎರಡು ಕೈಯಲ್ಲಿ ತೂಗಿ, "ಒಂದೂವರೆ. ಚೆನ್ನಾಗಿ ಬೆಂದಿದೆ" ಎಂದು ಹೇಳಿ ಊಟಕ್ಕೆ ಹೋದರು.

ಮದುವೆಯಾಗದ ಈ ಮಾವ ಉರ್ವದಲ್ಲಿ ನಮ್ಮ ಜೊತೆಗೇ ಇದ್ದರು. ಅಪ್ಪ ಮುಂಬಯಿಯಲ್ಲಿ ಹೋಟೆಲು ನೋಡಿಕೊಂಡು ವರ್ಷಕ್ಕೊಮ್ಮೆ ಬರುವವರು. ಹಾಗಾಗಿ ಮನೆಯ ಯಜಮಾನಿಕೆ, ಮೀನು ತರುವುದು, ನನ್ನನ್ನು ಹೆದರಿಸುವುದು ಇಷ್ಟೂ ಮಾವನ ಪಾಲಿಗೆ ಬಂದಿತ್ತು. ಒಂದು ದಿನ ಅವರು ಹೊಳೆದಡದ ಸುಲ್ತಾನ್ ಬತ್ತೇರಿಯ ಹತ್ತಿರ ಒಂದು ಹಳೆಯ ದೋಣಿ ಕೊಂಡುಕೊಂಡು ಬಂದರು. ಮೀನು ಹಿಡಿಯಲಿಕ್ಕಲ್ಲ, ಮರಳು ತರಲಿಕ್ಕಲ್ಲ, ಸುಮ್ಮನೆ ಹೋಗಿ ಬರಲಿಕ್ಕೆ. ಆದಿತ್ಯವಾರ ಮಧ್ಯಾಹ್ನ ಊಟ ಮುಗಿಸಿ ಗುರುಪುರ ಹೊಳೆಯಲ್ಲಿ ಒಂದು ಕುದ್ರುವಿನ ತನಕ ಹೋಗುವುದು, ಆ ನಡುಗಡ್ಡೆಯಲ್ಲಿ ಚಾ ಕುಡಿಯುವುದು, ವಾಪಸು ಬರುವುದು. ಇದಕ್ಕೊಂದು ದೋಣಿಯೇ? ಬಸ್ಸು ಹತ್ತಿ ಹೋಗಿ ಹೋಟೆಲಲ್ಲಿ ಚಾ ಕುಡಿಯಬಾರದೇ? ಕೇಳಿದವನು ನಾನೊಬ್ಬನೇ. ಅಮ್ಮ, ತಂಗಿ ಆಗಲೇ ಫ್ಲಾಸ್ಕು ತೊಳೆಯುತ್ತಿದ್ದರು.

ದೋಣಿಯ ನಡುವಿನ ಅಡ್ಡಹಲಗೆಗೆ ಮಾವ ಒಂದು ರಸಮಟ್ಟ ಜಡಿದಿದ್ದರು. ಗೋಡೆ ಕಟ್ಟುವವರು ಇಡುತ್ತಾರಲ್ಲ, ಗಾಜಿನ ಕೊಳವೆಯಲ್ಲಿ ಒಂದು ಗುಳ್ಳೆ ಅತ್ತಿತ್ತ ಓಡುವ ಪಟ್ಟಿ, ಅದೇ. ಗುಳ್ಳೆ ಸರಿಯಾಗಿ ನಡುವಿನಲ್ಲಿ ನಿಲ್ಲುವ ತನಕ ದೋಣಿ ದಡ ಬಿಡುವ ಹಾಗಿಲ್ಲ. ಎಡಕ್ಕೆ ಅಮ್ಮ, ಬಲಕ್ಕೆ ನಾನು, ಮುಂದಿನ ತುದಿಯಲ್ಲಿ ತಂಗಿ, ಹಿಂದೆ ಹುಟ್ಟು ಹಿಡಿದು ಮಾವ. ಅಮ್ಮನಿಗಿಂತ ನಾನು ಹಗುರ. ಗುಳ್ಳೆ ಯಾವಾಗಲೂ ಹಗುರವಾದವರ ಕಡೆಗೆ ಓಡುತ್ತದೆ. ಆದ್ದರಿಂದ ಮಾವ ನನ್ನ ಹಲಗೆಯ ಕೆಳಗೆ ಕಾರ್ಖಾನೆಯ ಸೊಟ್ಟ ಹಂಚುಗಳನ್ನು ಒಂದೊಂದಾಗಿ ಇಡುತ್ತಿದ್ದರು. ಒಂದು, ಎರಡು, ಮೂರು, ನಾಲ್ಕು. ಗುಳ್ಳೆ ನಡುವಿಗೆ. ಇಪ್ಪತ್ತಾರು ವರ್ಷದ, ಕಚೇರಿಯಲ್ಲಿ ಗುಮಾಸ್ತೆಯಾಗಿದ್ದ, ಇಂದೋ ನಾಳೆಯೋ ಹೆಣ್ಣು ನೋಡಬೇಕಾಗಿದ್ದ ಗಂಡಸು ನಾನು. ನನ್ನ ಕೊರತೆಯನ್ನು ಪ್ರತಿ ವಾರ ನಾಲ್ಕು ಸೊಟ್ಟ ಹಂಚಿನಿಂದ ತುಂಬಿಸುವುದೆಂದರೆ!

ಮಾವನ ಕಾನೂನು ಎರಡೇ. ದೋಣಿಯಲ್ಲಿ ಯಾರೂ ನಿಲ್ಲಬಾರದು. ಯಾರೂ ಭಾರ ಮುಚ್ಚಿಡಬಾರದು.

ಮೊದಲನೆಯದರ ಪಾಠ ನಮಗೆ ಕಣ್ಣೆದುರೇ ಸಿಕ್ಕಿತು. ಒಮ್ಮೆ ಕಾಲೇಜಿನವರ ದೋಣಿಯೊಂದು ನಮ್ಮ ಮುಂದಿನಿಂದ ಹಾಡುತ್ತ ಹೋಯಿತು. ಯಾರಿಗೋ ನೀರುನಾಯಿ ಕಾಣಿಸಿತು. ಎಂಟೂ ಜನ ಎದ್ದು ಬಲಕ್ಕೆ ಓಡಿದರು. ನೀರುನಾಯಿ ಒಂದು ಕ್ಷಣ ಎಂಟು ಜನರನ್ನು ನೋಡಿತು, ಮರುಕ್ಷಣ ಎಂಟು ಜನರ ಕಾಲುಗಳನ್ನು ನೋಡಿತು. ಪುಣ್ಯಕ್ಕೆ ಸೊಂಟದಷ್ಟು ನೀರು. ಮಾವ ಹುಟ್ಟು ನಿಲ್ಲಿಸಿ, "ಬಲಕ್ಕೆ ನೂರೈವತ್ತು ಹಂಚು. ಇದರಲ್ಲಿ ದೋಣಿಯದ್ದು ಎಂತ ತಪ್ಪುಂಟು?" ಎಂದರು. ನಾನು ಆ ಮಧ್ಯಾಹ್ನವಿಡೀ ಕುಳಿತಲ್ಲಿಂದ ಕತ್ತು ಕೂಡ ತಿರುಗಿಸಲಿಲ್ಲ.

ಎರಡನೆಯ ಕಾನೂನು ಮುರಿದವಳು ಅಮ್ಮ. ಕುದ್ರುವಿನ ಕೆಸರಿನಲ್ಲಿ ಮರುವಾಯಿ ಸಿಗುತ್ತದೆ. ಆ ಚಿಪ್ಪುಮೀನಿನ ಖಾರದ ಸುಕ್ಕವೆಂದರೆ ಅಮ್ಮನಿಗೆ ಪ್ರಾಣ. ಹೆಚ್ಚಿನ ಭಾರ ಬೇಡವೆಂದು ಮಾವ ಹೇಳಿದ್ದರೂ, ನಾವು ಚಾ ಕುಡಿಯುವಾಗ ಅವಳು ಸದ್ದಿಲ್ಲದೆ ಒಂದಷ್ಟು ಹೆಕ್ಕಿ, ಚೀಲಕ್ಕೆ ತುಂಬಿ, ಸೆರಗಿನೊಳಗೆ ಇಟ್ಟುಕೊಂಡು ಬಂದು, ಏನೂ ತಿಳಿಯದವಳಂತೆ ದೋಣಿಯಲ್ಲಿ ಕುಳಿತಳು. ಗುಳ್ಳೆ ನನ್ನ ಕಡೆಗೆ ಓಡಿತು. ಮಾವ ಗುಳ್ಳೆಯನ್ನು ನೋಡಿದರು, ಅಮ್ಮನನ್ನು ನೋಡಿದರು.

"ಅಕ್ಕ, ಎರಡು ಹಂಚು ಎಲ್ಲಿಂದ ಬಂತು?"

ಅಮ್ಮ ಆಕಾಶ ನೋಡಿದಳು. ಸೆರಗಿನಿಂದ ನೀರು ತೊಟ್ಟಿಕ್ಕುತ್ತಿತ್ತು. ಕೊನೆಗೆ ಮಾವನೇ ನನ್ನ ಕೆಳಗೆ ಇನ್ನೆರಡು ಹಂಚು ಇಟ್ಟರು. ಸುಕ್ಕದಲ್ಲಿ ಹೆಚ್ಚು ಪಾಲು ತಿಂದವರೂ ಅವರೇ.

ತಂಗಿಯ ಸಂಬಂಧ ಕುದುರಿದ್ದು ಕೂಡ ಇದೇ ದೋಣಿಯಲ್ಲಿ. ಹುಡುಗನ ಮನೆ ಕುಲಶೇಖರದಲ್ಲಿ. ಹೆಣ್ಣು ನೋಡಿ, ಉಪ್ಪಿಟ್ಟು ತಿಂದು, ಎರಡೂ ಕಡೆಯವರು ಇನ್ನು ಎಂತ ಮಾತಾಡುವುದೆಂದು ತಿಳಿಯದೆ ಕುಳಿತಿದ್ದಾಗ ಮಾವ, "ಹೊಳೆಗೆ ಹೋಗುವ" ಎಂದರು. ನನ್ನ ಜೀವ ಬಾಯಿಗೆ ಬಂತು. ಹುಡುಗನ ಅಪ್ಪ ಹೋಟೆಲಿನವರು, ದೊಡ್ಡ ಶರೀರ. ಅವರು ತಮ್ಮ ಹೆಂಡತಿಯ ಪಕ್ಕ ಕುಳಿತುಕೊಳ್ಳಲು ಹೋದರೆ ಮಾವ ಬಿಡಲಿಲ್ಲ. ಗಂಡ ಹೆಂಡತಿ ಮನೆಯಲ್ಲಿ ಒಂದೇ ಕಡೆ ಇರಲಿ, ದೋಣಿಯಲ್ಲಿ ಬೇಡ ಎಂದು ಹೇಳಿ, ಆ ಹಿರಿಯರನ್ನು ಮೇಲಿನಿಂದ ಕೆಳಗಿನವರೆಗೆ ಒಮ್ಮೆ ನೋಡಿ, "ನಲವತ್ತು" ಎಂದರು. ಮನೆತನದ ಮಾನ ಹೊಳೆ ಪಾಲಾಯಿತೆಂದು ನಾನು ಕಣ್ಣು ಮುಚ್ಚಿದೆ. ಮಾವ ಹುಡುಗನನ್ನೂ ಅವನ ಅಮ್ಮನನ್ನೂ ನನ್ನ ಜೊತೆ ದಡದಲ್ಲಿ ಬಿಟ್ಟು, ಆ ನಲವತ್ತರ ಎದುರಿಗೆ ಅಮ್ಮನನ್ನೂ ತಂಗಿಯನ್ನೂ ಕೂರಿಸಿದರು. ಇಪ್ಪತ್ತಮೂರು, ಹದಿನೇಳು. ಗುಳ್ಳೆ ಓಡಲಿಲ್ಲ, ಅಲುಗಲಿಲ್ಲ, ನಡುವಿನಲ್ಲಿ ದೇವರ ಹಾಗೆ ಕುಳಿತಿತು. ಒಂದು ಹಂಚೂ ಬೇಕಾಗಲಿಲ್ಲ!

"ಇನ್ನು ಜಾತಕ ಎಂತಕ್ಕೆ?" ಎಂದರು ಮಾವ.

ಹುಡುಗನ ಅಪ್ಪ ನಕ್ಕ ನಗುವಿಗೆ ದೋಣಿಯೇ ಕುಲುಕಿತು. ಮದುವೆ ಮೇ ತಿಂಗಳಿಗೆ ಎಂದಾಯಿತು.

ಅಂದಿನಿಂದ ನನ್ನ ಚಿಂತೆಗೆ ಹೊಸ ಹೊಸ ಕೊಂಬೆಗಳು. ಹಾಲ್ ಸಿಗದಿದ್ದರೆ? ಮೇ ತಿಂಗಳಲ್ಲೇ ಮಳೆ ಹಿಡಿದರೆ? ಅಪ್ಪನಿಗೆ ರಜೆ ಸಿಗದಿದ್ದರೆ? ಮದುವೆಯ ಫೋಟೋದಲ್ಲಿ ನಾನು ಕೊಡೆಯ ಕಡ್ಡಿಯ ಹಾಗೆ ಕಂಡರೆ? ಈ ಕೊನೆಯದಕ್ಕಾಗಿ ಒಂದು ಲೇಹ್ಯ ತಂದು ದಿನಕ್ಕೆರಡು ಬಾರಿ ನೆಕ್ಕತೊಡಗಿದೆ. ಅಮ್ಮ ಹೊಲಿಗೆ ಮಿಷನ್ನಿನ ಮುಂದೆ ಕುಳಿತು ತನ್ನ ರವಿಕೆಗಳನ್ನು ಒಂದೊಂದಾಗಿ ಬಿಚ್ಚಿ ಹೊಲಿಯುತ್ತಿದ್ದಳು. ಮದುವೆಯ ತಯಾರಿ ಎಂದುಕೊಂಡೆ. ಆಗಾಗ ಕೆಮ್ಮುತ್ತಿದ್ದಳು. ಹಳೆಯ ಬಟ್ಟೆಯ ಧೂಳು ಎಂದಳು, ಧೂಳು ಎಂದುಕೊಂಡೆ.

ಲೇಹ್ಯ ಶುರು ಮಾಡಿ ಮೂರನೆಯ ವಾರ. ಮಾವ ಎಂದಿನಂತೆ ನಾಲ್ಕು ಹಂಚು ಇಟ್ಟರೆ ಗುಳ್ಳೆ ನಡುವಿನಲ್ಲಿ ನಿಲ್ಲದೆ ಅಮ್ಮನ ಕಡೆಗೆ ಓಡಿತು. ಮಾವ ಒಂದು ಹಂಚು ತೆಗೆದರು. ಆಗ ಸರಿಯಾಯಿತು. ನನ್ನ ಸಂತೋಷ ಕೇಳಬೇಕೇ? ನಾನು ಭಾರವಾಗಿದ್ದೇನೆ! ಇನ್ನೆರಡು ವಾರ ಕಳೆದಾಗ ಇನ್ನೊಂದು ಹಂಚು ಹೋಯಿತು. ಆಮೇಲೆ ಮತ್ತೊಂದು. ಕಚೇರಿಯಲ್ಲಿ ಮೂರು ಜನರಿಗೆ ಆ ಲೇಹ್ಯ ತರಿಸಿಕೊಟ್ಟೆ. ಮಾವನಿಗೂ ಅದರ ಗುಣಗಾನ ಮಾಡಿದೆ. ಅವರು ಗುಳ್ಳೆಯನ್ನೇ ನೋಡುತ್ತಿದ್ದರು.

ಫೆಬ್ರವರಿಯ ಒಂದು ಆದಿತ್ಯವಾರ ನಾಲ್ಕನೆಯ ಹಂಚೂ ಹೋಯಿತು. ನಾನೂ ಅಮ್ಮನೂ ಸರಿಸಮ! ಮಾವ ನಮ್ಮನ್ನೆಲ್ಲ ಕೆಳಗಿಳಿಸಿದರು. ನನ್ನೊಬ್ಬನನ್ನೇ ಮತ್ತೆ ಹತ್ತಿಸಿ, ದಡದಲ್ಲಿ ರಾಶಿ ಹಾಕಿಟ್ಟಿದ್ದ ಸೊಟ್ಟ ಹಂಚುಗಳನ್ನು ಎದುರಿನ ಹಲಗೆಯ ಮೇಲೆ ಪೇರಿಸುತ್ತ ಹೋದರು. ಇಪ್ಪತ್ತೆರಡು, ಇಪ್ಪತ್ತಮೂರಾದರೂ ಆಗಿರುತ್ತೇನೆಂದು ಎದೆ ಉಬ್ಬಿಸಿ ಕುಳಿತೆ. ಹತ್ತೊಂಬತ್ತಕ್ಕೆ ಗುಳ್ಳೆ ನಡುವಿಗೆ ಬಂದು ನಿಂತಿತು.

"ನೀನು ಹತ್ತೊಂಬತ್ತೇ, ಅಳಿಯ" ಎಂದರು ಮಾವ, ಬಹಳ ಮೆಲ್ಲಗೆ.

ಲೇಹ್ಯದ ಮೇಲಿನ ಸಿಟ್ಟು ನನ್ನ ತಲೆಗೆ ಏರುವಷ್ಟರಲ್ಲಿ ಅವರು ದಡದಲ್ಲಿ ನಿಂತ ಅಮ್ಮನ ಕಡೆಗೆ ತಿರುಗಿದ್ದರು.

"ಅಕ್ಕ, ನಾಲ್ಕು ಹಂಚು ಎಲ್ಲಿ ಹೋಯ್ತು?"

ಅಮ್ಮ ಈ ಸಲ ಆಕಾಶ ನೋಡಲಿಲ್ಲ. ಸೆರಗು ಬಿಗಿಯಾಗಿ ಹೊದ್ದುಕೊಂಡಳು. ಅದರೊಳಗೆ ಮುಚ್ಚಿಟ್ಟದ್ದು ಏನೂ ಇರಲಿಲ್ಲ, ಇರಬೇಕಾದದ್ದೇ ಇರಲಿಲ್ಲ. ನಾನು ದೋಣಿಯಲ್ಲಿ ಕುಳಿತಲ್ಲಿಂದಲೇ ಅವಳನ್ನು ನೋಡಿದೆ. ದಿನಾ ಕಾಣುವ ಮುಖವನ್ನು ಎಷ್ಟೋ ತಿಂಗಳ ಮೇಲೆ ನೋಡಿದೆ.

"ಮದುವೆ ಒಂದು ಆಗಿ ಹೋಗ್ಲಿ ಅಂತ..." ಎಂದಳು.

ಸಂಜೆಯಾದರೆ ಜ್ವರ ಬರುತ್ತಿತ್ತಂತೆ. ದೀಪಾವಳಿ ಕಳೆದ ಮೇಲೆ ಶುರುವಾದದ್ದು. ಏನೆಂದು ಅವಳಿಗೆ ಅಂದಾಜಿತ್ತು. ಆ ಮನೆಯಲ್ಲಿ ಕ್ಷಯವಂತೆ ಎಂಬ ಒಂದು ಮಾತು ಕುಲಶೇಖರಕ್ಕೆ ಮುಟ್ಟಿದರೆ ಸಾಕಿತ್ತು, ಸಂಬಂಧ ಮುರಿಯಲು. ಅದಕ್ಕೇ ರವಿಕೆಗಳನ್ನು ಬಿಗಿ ಮಾಡಿ ಹೊಲಿಯುತ್ತಿದ್ದಳು, ಅದಕ್ಕೇ ಧೂಳು. ಜಗತ್ತಿನ ಎಲ್ಲ ಅಪಾಯಗಳ ಪಟ್ಟಿ ಬಾಯಿಪಾಠ ಇದ್ದ ನನ್ನ ತಲೆಯಲ್ಲಿ ಇದೊಂದೇ ಇರಲಿಲ್ಲ. ಪಾಸ್‌ಪೋರ್ಟಿಲ್ಲದೆ ಮಸ್ಕತ್ತಿಗೆ ಹೋಗುವುದು ಮಾತ್ರ ಇತ್ತು.

ಮಾವ ಬೈಯಲಿಲ್ಲ. ಅಂದು ಕುದ್ರುವಿಗೂ ಹೋಗಲಿಲ್ಲ. ಮರುದಿನ ಬೆಳಿಗ್ಗೆ ಕಾರ್ಖಾನೆಗೆ ರಜೆ ಹಾಕಿ ಅಮ್ಮನನ್ನೂ ನನ್ನನ್ನೂ ಫಳ್ನೀರಿನ ಒಬ್ಬರು ಡಾಕ್ಟರ ಬಳಿಗೆ ಕರೆದುಕೊಂಡು ಹೋದರು. ಏನಾಗುತ್ತಿದೆ ಎಂದು ಡಾಕ್ಟರು ಕೇಳಿದ್ದು ಅಮ್ಮನನ್ನು. ಉತ್ತರ ಕೊಟ್ಟದ್ದು ಮಾವ.

"ನಾಲ್ಕು ಹಂಚು ಕಮ್ಮಿ ಆಗಿದ್ದಾಳೆ, ಡಾಕ್ಟ್ರೇ. ಎರಡೂವರೆ ತಿಂಗಳಲ್ಲಿ."

ಡಾಕ್ಟರು ನಗುತ್ತ ಪೆನ್ನು ಕೆಳಗಿಟ್ಟರು. ರೋಗಿ ಯಾರೆಂದು ಅವರಿಗೆ ಒಂದು ಕ್ಷಣ ಸಂಶಯ ಬಂದಿರಬೇಕು. ಮಾವ ಎರಡೂ ಕೈಯಿಂದ ದೋಣಿ ಮಾಡಿ ತೋರಿಸಿ, ಗುಳ್ಳೆ ಯಾವ ವಾರ ಎಷ್ಟು ಓಡಿತೆಂದು ಹೇಳುತ್ತ ಹೋದಂತೆ ಡಾಕ್ಟರ ನಗು ನಿಂತಿತು. ಎಕ್ಸ್‌ರೇ ತೆಗೆಸಿದರು. ಅದನ್ನು ಬೆಳಕಿಗೆ ಹಿಡಿದು ನೋಡಿ, ಸಕಾಲಕ್ಕೆ ಬಂದಿದ್ದೀರಿ ಎಂದರು. ಮೇ ತಿಂಗಳ ತನಕ ಹೀಗೇ ಬಿಟ್ಟಿದ್ದರೆ ತನ್ನ ಕೈಯಲ್ಲೂ ಹೆಚ್ಚೇನೂ ಇರುತ್ತಿರಲಿಲ್ಲ ಎಂದೂ ಹೇಳಿದರು. ದಿನಾ ಸೂಜಿ, ಹಿಡಿ ತುಂಬ ಮಾತ್ರೆ, ಒಂದೂವರೆ ವರ್ಷ.

ಅಲ್ಲಿಂದ ಮಾವ ಮನೆಗೆ ಬರಲಿಲ್ಲ. ಅಮ್ಮ ಬೇಡಬೇಡವೆಂದರೂ ಅವಳನ್ನು ರಿಕ್ಷಾದಲ್ಲಿ ಮನೆಗೆ ಕಳಿಸಿ, ಸೀದಾ ಕುಲಶೇಖರದ ಬಸ್ಸು ಹತ್ತಿದರು. ನಾಳೆ ಬೇರೆಯವರಿಂದ ತಿಳಿಯುವುದಕ್ಕಿಂತ ಇಂದು ನಮ್ಮಿಂದಲೇ ತಿಳಿಯಲಿ ಎಂದು. ಜೊತೆಗೆ ಹೋದ ನಾನು ದಾರಿಯುದ್ದಕ್ಕೂ, ಸಂಬಂಧ ಮುರಿದರೆ ತಂಗಿಗೆ ಹೇಗೆ ಹೇಳುವುದೆಂದು ಹನ್ನೆರಡು ಬಗೆಯಲ್ಲಿ ಅಭ್ಯಾಸ ಮಾಡಿದೆ. ಹುಡುಗನ ಅಪ್ಪ ಎಲ್ಲವನ್ನೂ ಕೇಳಿದರು. ತಮ್ಮ ಹೊಟ್ಟೆಯ ಮೇಲೆ ಒಮ್ಮೆ ಕೈಯಾಡಿಸಿದರು. ಆಮೇಲೆ ಹೇಳಿದರು:

"ಹಾಗಾದ್ರೆ ನಾಲ್ಕು ಹಂಚು ನಾನು ಇಳಿಸ್ತೇನೆ. ಗುಳ್ಳೆ ಸರಿ ಆಗ್ತದಲ್ಲ?"

ನನ್ನ ಹನ್ನೆರಡು ಬಗೆಯೂ ದಂಡವಾಯಿತು. ಯಾವುದಾದರೂ ಚಿಂತೆ ದಂಡವಾದದ್ದಕ್ಕೆ ನಾನು ಕಣ್ಣೀರು ಹಾಕಿದ್ದು ಅದೇ ಮೊದಲು. ಮದುವೆ ಒಂದು ವರ್ಷ ಮುಂದೆ ಹೋಯಿತು, ಅಷ್ಟೇ. ಅಮ್ಮ ಮಂಟಪದಲ್ಲಿ ನಿಂತು ಧಾರೆ ನೋಡಿದಳು. ಬೀಗರು ಮಾತ್ರ ಒಂದು ಹಂಚನ್ನೂ ಇಳಿಸಿರಲಿಲ್ಲ; ಎರಡು ಏರಿಸಿಕೊಂಡಿದ್ದರು.

ಮಾವ ಈಗಲೂ ನಮ್ಮೊಡನೆ ಇದ್ದಾರೆ. ನನ್ನನ್ನು ನೋಡಿದಾಗಲೆಲ್ಲ "ಇಪ್ಪತ್ತೊಂಬತ್ತು" ಎನ್ನುತ್ತಾರೆ. ನಡುವಯಸ್ಸಿಗೆ ಲೇಹ್ಯ ಬೇಕಿಲ್ಲವೆಂದು ಗೊತ್ತಾಗಿದೆ. ಅವರಿಗೆ ಕೃತಜ್ಞತೆ ಹೇಳಲು ಒಂದೆರಡು ಸಲ ಪ್ರಯತ್ನಿಸಿದೆ. ಗುಳ್ಳೆಗೆ ಹೇಳು ಮಾರಾಯ ಎಂದು ಎದ್ದು ಹೋಗುತ್ತಾರೆ. ಅದಕ್ಕೇ ಬರೆಯಬೇಕಾಯಿತು.

ಇನ್ನು ಶುರುವಿನಲ್ಲಿ ಹೇಳಿದ ಆ ಸಣ್ಣ ಸಂಗತಿ. ತಂಗಿಯ ಮದುವೆಯಾದ ವರ್ಷ, ಅಮ್ಮನ ಮಾತ್ರೆಗಳೆಲ್ಲ ಮುಗಿದು, ಮಳೆ ಬಿಟ್ಟ ಮೊದಲ ಆದಿತ್ಯವಾರ. ಎಡಕ್ಕೆ ಅಮ್ಮ ಕುಳಿತಳು. ಬಲಕ್ಕೆ ನಾನು, ಆಗಲೂ ಹತ್ತೊಂಬತ್ತು. ಗುಳ್ಳೆ ನನ್ನ ಕಡೆಗೆ ಓಡಿತು. ಮಾವ ತಮ್ಮ ಜಾಗದಲ್ಲಿ ಕುಳಿತೇ ಒಂದು ಹಂಚು ಮುಂದಕ್ಕೆ ಕೊಟ್ಟರು. ನನ್ನ ಹಲಗೆಯ ಕೆಳಗಿಟ್ಟೆ. ಎರಡು. ಮೂರು. ನಾಲ್ಕು. ಗುಳ್ಳೆ ನಡುವಿನ ಹತ್ತಿರ ಬಂತು, ಆದರೆ ನಡುವಿಗೆ ಮುಟ್ಟಲಿಲ್ಲ. ಒಂದು ಕೂದಲೆಳೆಯಷ್ಟು ಇನ್ನೂ ನನ್ನ ಕಡೆಗೇ ಇತ್ತು; ಅಮ್ಮ ಹಳೆಯ ಇಪ್ಪತ್ತಮೂರನ್ನೂ ದಾಟಿದ್ದಳು.

ಮಾವ ಬಗ್ಗಿ ನೋಡಿದರು. ಐದನೆಯ ಹಂಚು ಕೈಗೆತ್ತಿಕೊಂಡರು. ಕೊಡುವ ಬದಲು, ಅದನ್ನು ಮಗುವಿನ ಹಾಗೆ ಎರಡು ಕೈಯಲ್ಲಿ ಹಿಡಿದುಕೊಂಡು ದೋಣಿಯಲ್ಲಿ ಎದ್ದು ನಿಂತರು. ಮಾವ! ನಿಂತರು! ದೋಣಿ ಒಮ್ಮೆ ಅತ್ತ, ಒಮ್ಮೆ ಇತ್ತ ಹೊಯ್ದಾಡಿತು. ನಾನು ಹಲಗೆಯನ್ನು ಅಪ್ಪಿ ಹಿಡಿದೆ. ಅಮ್ಮ ತಮ್ಮನ ಪಂಚೆಯ ತುದಿ ಹಿಡಿದು ಜಗ್ಗಿದಳು.

"ಕೂತ್ಕೊ ಮಾರಾಯ. ದೋಣಿಯಲ್ಲಿ ಯಾರಾದ್ರೂ ನಿಲ್ತಾರಾ?"

ಕುಳಿತರು. ಕಣ್ಣು ಒರೆಸಿಕೊಳ್ಳಲು ಒಂದು ಕೈ ಬೇಕಾಗಿತ್ತೆಂದು ಕಾಣುತ್ತದೆ. ಹಂಚು ಜಾರಿ ಹೊಳೆಗೆ ಬಿತ್ತು.